ಪಾಸಿಟಿವ್ ಪಂಡಿತರು

ಹಸುಗೂಸಿಗೆ ಜ್ವರ ಬಂತೆಂದರೆ ಶಿಕಾರಿಪುರದಿಂದ ಸೊರಬದವರೆಗೆ ವೈರಾಣು ತಜ್ಞರಿಗೆ ಬರವಿಲ್ಲ. ಲ್ಯಾಬಿನ ವರದಿ ಅಪ್ಪನ ಮೊಬೈಲಿಗೆ ಬರುತ್ತದೆ. ಮಕ್ಕಳ ಡಾಕ್ಟರು ಅದನ್ನು ನೋಡುವ ಮೊದಲೇ ಸೋದರಮಾವ, ಮೆಡಿಕಲ್ ಶಾಪಿನ ಹುಡುಗ, ಶಿರಾಳಕೊಪ್ಪದ ದೊಡ್ಡಪ್ಪ ಮೂವರೂ ಓದಿ ತೀರ್ಪು ಕೊಟ್ಟಾಗಿರುತ್ತದೆ. 'ಸಿಎಂವಿ ಐಜಿಜಿ ಪಾಸಿಟಿವ್', ಅದೂ ದಪ್ಪಕ್ಷರದಲ್ಲಿ! ನಿಮ್ಮ ಕಡೆಯಿಂದಲೇ ಬಂದದ್ದು ಎಂಬಂತೆ ಅತ್ತೆ ಸೊಸೆಯ ಮುಖ ನೋಡುತ್ತಾಳೆ.

ತಮಾಷೆಯೆಂದರೆ, ಶಾಸ್ತ್ರಕ್ಕೆ ಹತ್ತಿರ ಇರುವುದು ಅತ್ತೆಯ ಆ ನೋಟವೇ. ಐಜಿಜಿ ಎಂಬ ಪ್ರತಿಕಾಯ ಮಾಸು ದಾಟಿ ಬಂದ ತಾಯಿಯ ಬಳುವಳಿ, ಅವಳಿಗೆ ಯಾವತ್ತೋ ತಗುಲಿದ್ದ ಸೋಂಕಿನ ಗುರುತು. ಸಿಎಂವಿ ಎಂಬ ವೈರಾಣುವಿನದು ನಮ್ಮ ಬಹುಪಾಲು ತಾಯಂದಿರಲ್ಲಿ ಇದ್ದೇ ಇರುತ್ತದೆ, ಅತ್ತೆಯಲ್ಲೂ ಇದ್ದೀತು. ಕೂಸಿಗೆ ಹೊಟ್ಟೆಯಲ್ಲೇ ತಗುಲಿತೇ ಎಂದು ತಿಳಿಯಬೇಕಾದರೆ ಹುಟ್ಟಿದ 21 ದಿನದೊಳಗೆ ಉಚ್ಚೆಯಲ್ಲೋ ಜೊಲ್ಲಿನಲ್ಲೋ ವೈರಾಣುವನ್ನೇ ಹುಡುಕಬೇಕು. ಆಮೇಲೆ ಸಿಕ್ಕಿದ್ದು ಎದೆಹಾಲಿನಿಂದ ಬಂದದ್ದೂ ಇರಬಹುದು. ಎಚ್‌ಐವಿ ಪ್ರತಿಕಾಯವಂತೂ 18 ತಿಂಗಳವರೆಗೆ ತಾಯಿಯದೇ ಉಳಿದಿರಬಹುದು. 'ರೋಗಲಕ್ಷಣದೊಂದಿಗೆ ಹೋಲಿಸಿ ನೋಡಿ' ಎಂದು ವರದಿಯ ಬುಡದಲ್ಲಿ ಸಣ್ಣಕ್ಷರದ ಸಾಲೊಂದಿರುತ್ತದೆ. ಅಲ್ಲಿಯವರೆಗೆ ಓದುವಷ್ಟು ತಾಳ್ಮೆ ಯಾರಿಗಿದೆ?

ಇದು ಸುಳ್ಳು ಗಾಬರಿಯ ಕತೆ. ಸುಳ್ಳು ಧೈರ್ಯ ಇದಕ್ಕಿಂತ ಕೇಡು. ಹಾಲು ಬಿಟ್ಟ, ಮೈ ತಣ್ಣಗಾದ, ನಿಮಿಷಕ್ಕೆ 60ಕ್ಕೂ ಹೆಚ್ಚು ಸಲ ಉಸಿರೆಳೆಯುವ ಕೂಸಿನ ಮೂಗಿನಲ್ಲಿ ರೈನೋವೈರಸ್ ಸಿಕ್ಕಿತೆನ್ನಿ. ಕೂಡಲೇ 'ವೈರಸ್ಸಂತೆ, ಆ್ಯಂಟಿಬಯೋಟಿಕ್ ಯಾಕೆ ಸರ್? ಡಿಸ್ಚಾರ್ಜ್ ಮಾಡಿ' ಎಂಬ ಒತ್ತಾಯ. ನೆಗಡಿಯ ಅಣ್ಣ ಮುದ್ದು ಮಾಡಿದ್ದರೂ ಅದು ಸಿಗುತ್ತದೆ, ವಾಸಿಯಾಗಿ ವಾರಗಳಾದರೂ ಸಿಗುತ್ತದೆ. ಮೂಗಿನಲ್ಲಿ ವೈರಸ್ ಇದ್ದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇರಬಾರದೆಂಬ ಕರಾರು ಯಾರೂ ಬರೆದುಕೊಟ್ಟಿಲ್ಲ. ರಕ್ತದ ಕಲ್ಚರ್ ಬರುವತನಕ ಡಾಕ್ಟರು ಇಂಜೆಕ್ಷನ್ ನಿಲ್ಲಿಸದಿರುವುದು ಬಿಲ್ಲಿನ ಆಸೆಗಲ್ಲ. ರಕ್ತದಲ್ಲೋ ಬೆನ್ನುನೀರಿನಲ್ಲೋ ಹರ್ಪಿಸ್ ಕಂಡರೆ ಮಾತೇ ಬೇರೆ. ಆಗ ಅಸೈಕ್ಲೊವಿರ್‌ಗೆ ಒಂದು ಗಳಿಗೆ ತಡವಾಗಬಾರದು.

ಒಂದೇ ಸುಳಿವು ನೋಡಿ ತೀರ್ಪು ಕೊಡಬಾರದೆಂದು ಸೊರಬದವರಿಗಾದರೂ ಗೊತ್ತಿರಬೇಕಿತ್ತು. 1957ರಲ್ಲಿ ಅವರದೇ ತಾಲ್ಲೂಕಿನ ಕ್ಯಾಸನೂರು ಕಾಡಿನ ಮಂಗಗಳು ಸಾಲಾಗಿ ಸತ್ತಾಗ ಹಳದಿ ಜ್ವರ ಬಂತೆಂದು ದಿಗಿಲಾಗಿತ್ತು. ಪುಣೆಯ ವಿಜ್ಞಾನಿಗಳು ಮಂಗ, ಮನುಷ್ಯ, ಉಣುಗು ಎಲ್ಲವನ್ನೂ ಜೋಡಿಸಿ ನೋಡಿ, ಇದು ಬೇರೆಯೇ ವೈರಸ್ ಎಂದರು. ನಮ್ಮ ಪಂಡಿತರಿಗೆ ಅಷ್ಟು ಪುರುಸೊತ್ತೆಲ್ಲಿ?

ಡಾಕ್ಟರು ಕೇಳುತ್ತಾರೆ: "ರಾತ್ರಿಯಿಂದ ಕೂಸು ಎಷ್ಟು ಸಲ ಹಾಲು ಕುಡೀತು?"

ದೊಡ್ಡಪ್ಪ ಮೊಬೈಲನ್ನು ಮೇಲೆ ಕೆಳಗೆ ಸರಿಸಿ ಹುಡುಕುತ್ತಾರೆ. "ಅದು ರಿಪೋರ್ಟಲ್ಲಿ ಇಲ್ಲ ಸರ್."