ಅಟೋ ತಿಪಟೂರು

ಇಥಿಯೋಪಿಯಾದ ಬಹಿರ್ ದಾರ್ ಎಂಬ ಊರಿನಲ್ಲಿ ಎರಡು ವರ್ಷ ಒಂಬತ್ತು ತಿಂಗಳು ನನ್ನ ಹೆಸರು ತಿಪಟೂರು ಎಂದಿತ್ತು. ತಪ್ಪು ನನ್ನದಲ್ಲ, ಇನಿಷಿಯಲ್ಲಿನದು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಎಂದಿದ್ದರು. ಬರೆದೆ: ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾನು. ಆ ದೇಶದಲ್ಲಿ ಮನೆತನದ ಹೆಸರು ಅನ್ನುವುದಿಲ್ಲ. ಮೊದಲು ತನ್ನ ಹೆಸರು, ಆಮೇಲೆ ಅಪ್ಪನದು, ಬೇಕಾದರೆ ಆಮೇಲೆ ತಾತನದು. ಕೆಲಸಕ್ಕೆ ಸೇರಿದ ದಿನ ಆಫೀಸಿನ ಹುಡುಗಿ ನನ್ನ ಪಾಸ್‌ಪೋರ್ಟ್ ನೋಡಿಕೊಂಡು ಮೂರು ಕಾಲಂ ತುಂಬಿದಳು. ಹೆಸರು: ತಿಪಟೂರು. ಅಪ್ಪನ ಹೆಸರು ಅದು ಹೇಗೋ ಅಪ್ಪನ ಜಾಗದಲ್ಲೇ ಕೂತಿತು. ತಾತನ ಕಾಲಮ್ಮಿಗೆ ನಾನು ಬಿದ್ದೆ. ನನಗೆ ನಾನೇ ತಾತ.

ಅಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯಬೇಕಾದರೆ ಹೆಸರಿನ ಹಿಂದೆ ‘ಅಟೋ’ ಸೇರಿಸುತ್ತಾರೆ, ನಮ್ಮ ‘ಶ್ರೀ’ ಇದ್ದ ಹಾಗೆ. ಹಾಗಾಗಿ ನಾನು ಅಟೋ ತಿಪಟೂರು. ಮೊದಲ ಸಲ ಕಾರಿಡಾರಿನಲ್ಲಿ ಯಾರೋ ಹಾಗೆ ಕೂಗಿದಾಗ ರೈಲ್ವೆ ಸ್ಟೇಷನ್ ಮುಂದೆ ಸೀಟು ಹತ್ತಿಸುತ್ತಿದ್ದಾರೆ ಎನಿಸಿ ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡೆ. ನಿಜವಾದ ಆಟೋಗಳೂ ಆ ಊರಿನ ತುಂಬ ಓಡಾಡುತ್ತವೆ, ನೀಲಿ ಬಣ್ಣದವು, ನಮ್ಮ ದೇಶದಿಂದಲೇ ಹೋದವು. ಆದರೆ ಅವನ್ನು ಯಾರೂ ಆಟೋ ಅನ್ನುವುದಿಲ್ಲ, ‘ಬಜಾಜ್’ ಅನ್ನುತ್ತಾರೆ. ಮನುಷ್ಯ ಅಟೋ, ಆಟೋ ಬಜಾಜ್. ಇಷ್ಟು ತಿಳಿದುಕೊಳ್ಳುವುದಕ್ಕೆ ನನಗೆ ಒಂದು ವಾರ ಹಿಡಿಯಿತು.

ನಾನು ಹೋದದ್ದು 2006ರ ಅಕ್ಟೋಬರಿನಲ್ಲಿ, ಇಲ್ಲಿನ ಕಾಲೇಜಿನಿಂದ ಸಂಬಳವಿಲ್ಲದ ರಜೆ ಹಾಕಿ, ಗಣಿತ ಕಲಿಸಲು. ಆಗ ಅಲ್ಲಿನ ಸರ್ಕಾರ ಒಂದರ ಹಿಂದೊಂದು ವಿಶ್ವವಿದ್ಯಾಲಯ ತೆರೆಯುತ್ತಿತ್ತು. ಮೇಷ್ಟ್ರುಗಳು ಸಾಲದೆ ಭಾರತದಿಂದ ಕರೆಸಿಕೊಳ್ಳುತ್ತಿದ್ದರು. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದಲೂ ನಮ್ಮವರು ಅಲ್ಲಿಗೆ ಹೋಗಿ ಪಾಠ ಹೇಳಿದ್ದಾರೆ. ತಲೆ ನರೆತ ಎಷ್ಟೋ ಜನ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ‘ನಮಗೆ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದ್ದು ಇಂಡಿಯಾದವರು’ ಅನ್ನುತ್ತಿದ್ದರು. ಏಟು ತಿಂದ ನೆನಪೋ ಪ್ರೀತಿಯೋ ಅವರ ಮುಖ ನೋಡಿ ಹೇಳಲಾಗುತ್ತಿರಲಿಲ್ಲ.

ಅಂಥ ಘನ ಪರಂಪರೆಯ ವಾರಸುದಾರನಾದ ನಾನು ಮೊದಲ ಕ್ಲಾಸಿಗೇ ಆರು ಗಂಟೆ ತಡವಾಗಿ ಹೋದೆ.

ಕ್ಲಾಸು ಎರಡು ಗಂಟೆಗೆ ಎಂದಿದ್ದರು. ಊಟ ಮಾಡಿ, ಸಣ್ಣದೊಂದು ನಿದ್ದೆ ತೆಗೆದು, ಇಸ್ತ್ರಿ ಶರ್ಟು ಹಾಕಿಕೊಂಡು ಎರಡಕ್ಕೆ ಐದು ನಿಮಿಷವಿರುವಾಗ ಹೋದರೆ ಕೋಣೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಹುಡುಗರು ಬೆಳಗ್ಗೆ ಎಂಟಕ್ಕೆ ಬಂದು, ಕಾದು, ಹೋಗಿಯೂ ಆಗಿತ್ತು. ಇಥಿಯೋಪಿಯಾದವರು ಹೊತ್ತನ್ನು ಸೂರ್ಯ ಹುಟ್ಟುವುದರಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು, ಎಂಟು ಗಂಟೆ ಎರಡು. ಮಧ್ಯಾಹ್ನ ಹನ್ನೆರಡು ಅಂದರೆ ಆರು. ಸಂಜೆ ಸೂರ್ಯ ಮುಳುಗಿದ ಮೇಲೆ ಮತ್ತೆ ಒಂದರಿಂದ ಶುರು. ಅಲ್ಲಿ ಸೂರ್ಯ ವರ್ಷವಿಡೀ ಆರರ ಆಸುಪಾಸಿನಲ್ಲೇ ಹುಟ್ಟುವುದರಿಂದ ಈ ಲೆಕ್ಕ ಅವರಿಗೆ ಸುಸೂತ್ರ. ಮುಖ್ಯಸ್ಥರು ನನ್ನ ಪೆಚ್ಚುಮೋರೆ ನೋಡಿ, ‘ದಿನ ಶುರುವಾಗುವುದು ಬೆಳಗ್ಗೆ ಅಲ್ಲವೇ? ನಡುರಾತ್ರಿಯಲ್ಲಿ ಎಲ್ಲರೂ ಮಲಗಿರುವಾಗ ಯಾರಾದರೂ ದಿನ ಶುರು ಮಾಡುತ್ತಾರೆಯೇ?’ ಎಂದರು. ಉತ್ತರ ಹೊಳೆಯಲಿಲ್ಲ. ‘ಹೊತ್ತು ಹುಟ್ಟಿ ನಾಲ್ಕು ಘಳಿಗೆಗೆ ಹುಟ್ಟಿದವನು ನೀನು’ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಆಕೆ ಇಲ್ಲಿಗೆ ಬಂದಿದ್ದರೆ ಒಂದು ಕ್ಲಾಸೂ ತಪ್ಪಿಸುತ್ತಿರಲಿಲ್ಲ.

ಎರಡನೆಯ ದಿನ ಸರಿಯಾದ ಎರಡಕ್ಕೆ ಹೋದೆ. ಬೋರ್ಡಿನ ಮೇಲೆ ಅರ್ಧ ಗಂಟೆ ಸೀಮೆಸುಣ್ಣ ತೇದು, ತಿರುಗಿ, ‘ಅರ್ಥವಾಯಿತೇ?’ ಎಂದು ಕೇಳಿದೆ. ಮುಂದಿನ ಬೆಂಚಿನ ಐದಾರು ಜನ ಒಟ್ಟಿಗೆ ‘ಹಾಂ!’ ಎಂದು ಉಸಿರು ಒಳಗೆಳೆದುಕೊಂಡರು, ಹಾವು ಕಂಡವರ ಹಾಗೆ. ನಾನು ಮೇಜಿನ ಈ ಕಡೆಗೆ ನೆಗೆದು ಬಂದು ಹಿಂದೆ ನೋಡಿದೆ. ಬೋರ್ಡಿತ್ತು, ಡಸ್ಟರಿತ್ತು, ಬೇರೇನೂ ಇರಲಿಲ್ಲ. ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ‘ಹಾಂ!’ ನನ್ನ ಪ್ರಮೇಯದಲ್ಲೇ ಏನೋ ಘೋರ ತಪ್ಪು ಕಂಡಿರಬೇಕೆಂದು ಎಲ್ಲ ಒರೆಸಿ ಮೊದಲಿನಿಂದ ಮಾಡಿದೆ. ಮೂರನೆಯ ಸಲ ಒರೆಸಲು ಹೋದಾಗ ಒಬ್ಬ ಹುಡುಗಿಗೆ ಕನಿಕರ ಬಂದು, ‘ಟೀಚರ್, ಹಾಗೆ ಉಸಿರೆಳೆದುಕೊಂಡರೆ ನಮ್ಮಲ್ಲಿ ಹೌದು ಅಂತ’ ಎಂದು ತಿಳಿಸಿದಳು. ನಾವು ಹೌದು ಎನ್ನಲು ಉಸಿರು ಖರ್ಚು ಮಾಡುತ್ತೇವೆ, ಅವರು ಜಮಾ ಮಾಡಿಕೊಳ್ಳುತ್ತಾರೆ.

ಭಾಷೆಯ ವಿಷಯಕ್ಕೆ ಬಂದರೆ, ಅಮ್ಹಾರಿಕ್ ಅಕ್ಷರಮಾಲೆ ನೋಡಿ ಮೊದಲಿಗೆ ಎದೆ ಝಲ್ಲೆಂದಿತ್ತು. ಮೂವತ್ತಮೂರು ಅಕ್ಷರ, ಒಂದೊಂದಕ್ಕೂ ಏಳೇಳು ರೂಪ, ಒಟ್ಟು 231. ಪಕ್ಕದ ಮನೆಯ ಚಿಕ್ಕ ಹುಡುಗ ಜಗಲಿಯ ಮೇಲೆ ಕೂತು ತೂಗಾಡುತ್ತ ‘ಲೆ, ಲು, ಲಿ, ಲಾ’ ಎಂದು ಉರು ಹೊಡೆಯುವುದು ಕೇಳಿದ ಮೇಲೆ ಧೈರ್ಯ ಬಂತು. ಇದು ಕಾಗುಣಿತ! ಇದನ್ನೇ ಹೇಳಿ ನಾನೂ ಏಟು ತಿಂದಿದ್ದೇನೆ. ಸಂಜೆ ಹೊತ್ತು ಅವನ ಪಕ್ಕ ಕೂತು ನಾನೂ ಹೇಳತೊಡಗಿದೆ. ನಾನು ಎಡವಿದರೆ ಅವನು ನನ್ನ ಕಡೆ ನೋಡುತ್ತಿದ್ದ ರೀತಿಯಲ್ಲಿ ಮುಂದೆ ಒಳ್ಳೆಯ ಮೇಷ್ಟ್ರಾಗುವ ಲಕ್ಷಣಗಳಿದ್ದವು.

ಅಕ್ಷರ ಒಲಿದರೂ ಮಾತು ಕೈಕೊಡುತ್ತಿತ್ತು, ಕನ್ನಡ ಅಡ್ಡ ಬಂದು. ‘ಆಗಲಿ, ಸರಿ’ ಎನ್ನುವುದಕ್ಕೆ ಅವರು ‘ಇಶ್ಶಿ’ ಅನ್ನುತ್ತಾರೆ. ನಮ್ಮಲ್ಲಿ ಮಗು ಸಗಣಿ ಮೆಟ್ಟಿ ಬಂದಾಗ ಅನ್ನುತ್ತೇವಲ್ಲ, ಅದೇ ಇಶ್ಶಿ, ಚೂರೂ ವ್ಯತ್ಯಾಸವಿಲ್ಲ. ಒಂದು ದಿನ ಪಕ್ಕದ ಮನೆಯ ಫಿಸಿಕ್ಸ್ ಮೇಷ್ಟ್ರನ್ನು ಊಟಕ್ಕೆ ಕೂರಿಸಿದ್ದೆ. ಅದೇ ಹೊತ್ತಿಗೆ ತಿಪಟೂರಿನಿಂದ ಹೆಂಡತಿಯ ಫೋನು. ನಾನು ಫೋನು ಕಿವಿಗಿಟ್ಟುಕೊಂಡೇ ‘ಇನ್ನೊಂದು ಸೌಟು ಸಾರು ಹಾಕಲೇ?’ ಎಂದರೆ ಅವರು ‘ಇಶ್ಶಿ’ ಎಂದರು. ‘ಅನ್ನ?’ ‘ಇಶ್ಶಿ, ಇಶ್ಶಿ.’ ಆ ಕಡೆಯಿಂದ ಹೆಂಡತಿ, ‘ರೀ, ಹೋಗ್ಲಿ ಬಿಡಿ, ಅಷ್ಟು ಅಸಹ್ಯ ಪಡ್ತಿರೋರಿಗೆ ಯಾಕೆ ಬಲವಂತ ಮಾಡ್ತೀರಿ? ನಾನು ಮೊದಲೇ ಹೇಳಿದ್ದೆ, ಹುಣಸೆಹಣ್ಣು ಜಾಸ್ತಿ ಕಿವುಚ್ತೀರಿ ಅಂತ’ ಎಂದಳು.

‘ನಾಳೆ’ ಎನ್ನುವುದಕ್ಕೆ ಅಲ್ಲಿ ‘ನೆಗೆ’. ಯಾವ ಆಫೀಸಿಗೆ ಹೋದರೂ ಕಿಟಕಿಯ ಹಿಂದಿನಿಂದ ನಗುಮುಖದಲ್ಲಿ ‘ಇಶ್ಶಿ, ನೆಗೆ’ ಎಂಬ ಉತ್ತರ ಬರುತ್ತದೆ. ಆಯಿತು, ನಾಳೆ ಬನ್ನಿ ಅಂತ. ಭಾಷೆ ಬೇರೆಯಾದರೂ ಭಾವ ನನಗೆ ಹೊಸದಲ್ಲವಾದ್ದರಿಂದ ಅನುವಾದ ಬೇಕಾಗಲಿಲ್ಲ.

ಊಟದ ಚಿಂತೆ ನನಗಿಂತ ಅಮ್ಮನಿಗೆ ಹೆಚ್ಚಿತ್ತು. ಮಾಂಸ ತಿನ್ನದ ಮಗ ಆಫ್ರಿಕಾದಲ್ಲಿ ಏನು ತಿಂದಾನು? ಅಮ್ಮನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸವಿರುತ್ತಾರೆ, ಈಸ್ಟರಿಗೆ ಮುಂಚೆ 55 ದಿನ ಒಂದೇ ಸಮನೆ ಇರುತ್ತಾರೆ ಎಂದು. ಉಪವಾಸವೆಂದರೆ ಮಾಂಸ, ಮೊಟ್ಟೆ ಇಲ್ಲ, ಹಾಲು ತುಪ್ಪ ಕೂಡ ಇಲ್ಲ. ಆ ದಿನಗಳಲ್ಲಿ ಹೋಟೆಲಿಗೆ ಹೋಗಿ ‘ಉಪವಾಸದ್ದು ಕೊಡಿ’ ಎಂದರೆ ಮೊರದಗಲದ ಇಂಜೆರಾದ ಮೇಲೆ ಬೇಳೆ, ಕಡಲೆಹಿಟ್ಟಿನ ಗೊಜ್ಜು, ಕೋಸು, ಬೀಟ್‌ರೂಟು, ಸೊಪ್ಪು ಎಲ್ಲ ಗುಪ್ಪೆಗುಪ್ಪೆಯಾಗಿ ಬರುತ್ತವೆ. ನಮ್ಮ ಮನೆಯಲ್ಲಿ ಏಕಾದಶಿಗೂ ನಾನು ಅಷ್ಟು ನಿಷ್ಠೆಯಿಂದ ಉಪವಾಸ ಮಾಡಿದವನಲ್ಲ. ಇಂಜೆರಾ ಎಂದರೆ ತೆಫ್ ಎಂಬ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ದೊಡ್ಡ ಹೆಂಚಿನ ಮೇಲೆ ಸುತ್ತಲೂ ಹುಯ್ದು, ಮುಚ್ಚಿ ಬೇಯಿಸಿದ್ದು. ಮೇಲೆಲ್ಲ ಕಣ್ಣು ಕಣ್ಣು. ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ‘ದೋಸೆ ಅನ್ನು. ಮಗುಚಿ ಹಾಕಲ್ವಾ?’ ಎಂದಳು. ಹಾಕಲ್ಲ ಎಂದೆ. ‘ಅರೆಬೆಂದಿರತ್ತೆ, ಜಾಸ್ತಿ ತಿನ್ಬೇಡ.’

ಎಷ್ಟೇ ಆದರೂ ಮೂರನೆಯ ತಿಂಗಳಿಗೆ ಮುದ್ದೆಯ ಕನಸು ಬೀಳತೊಡಗಿತು. ಒಂದು ಶನಿವಾರ ಸಂತೆಯಲ್ಲಿ ಅಡ್ಡಾಡುತ್ತಿದ್ದಾಗ ಒಬ್ಬ ಹೆಂಗಸಿನ ಮುಂದಿನ ಚೀಲದಲ್ಲಿ ಕೆಂಪಗೆ, ಗುಂಡಗೆ ಏನೋ ಕಂಡಿತು. ಕೂತು ಮುಷ್ಟಿಯಲ್ಲಿ ಹಿಡಿದೆ, ಬೆರಳ ಸಂದಿಯಿಂದ ಇಳಿಸಿದೆ, ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದೆ. ರಾಗಿ! ಅಲ್ಲಿ ಅದಕ್ಕೆ ‘ದಗುಸಾ’ ಎನ್ನುತ್ತಾರೆ. ಕಣ್ಣಲ್ಲಿ ನೀರು ಬಂತೆಂದರೆ ನಗುತ್ತೀರಿ, ಬಂತು. ಆ ಮೇಲೆ ಓದಿ ತಿಳಿದುಕೊಂಡೆ: ರಾಗಿಯ ತವರೇ ಪೂರ್ವ ಆಫ್ರಿಕಾದ ಆ ಎತ್ತರದ ನೆಲ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು. ನಮ್ಮದು ನಮ್ಮದು ಎಂದು ನಾವು ಎದೆ ತಟ್ಟಿಕೊಳ್ಳುವ ಮುದ್ದೆ ಅಲ್ಲಿಯ ಮಗಳು, ನಮ್ಮ ಮನೆಯ ಸೊಸೆ.

ಹತ್ತು ಕೆಜಿ ಕೊಡಿ ಎಂದೆ. ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪಕ್ಕದವಳಿಗೆ ಏನೋ ಹೇಳಿದಳು. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ಸೀಮೆಯಲ್ಲಿ ದಗುಸಾವನ್ನು ಇಂಜೆರಾ ಹಿಟ್ಟಿಗೂ ಬೆರೆಸುತ್ತಾರೆ, ನಿಜ. ಆದರೆ ಒಂಟಿ ಗಂಡಸು ಹತ್ತು ಕೆಜಿ ಕೊಳ್ಳುವುದು ಅರಕೆ ಇಳಿಸಲಿಕ್ಕೇ. ಅರಕೆ ಎಂದರೆ ಹರಕೆ ಅಲ್ಲ, ಭಟ್ಟಿ ಸಾರಾಯಿ. ಗಿರಣಿಯವನು ಹಿಟ್ಟು ಬೀಸುತ್ತ ಗಂಭೀರವಾಗಿ ಕೆಲವು ಸಲಹೆ ಕೊಟ್ಟ, ನನಗೆ ಅರ್ಥವಾಗಲಿಲ್ಲ. ಸೋಮವಾರದ ಹೊತ್ತಿಗೆ ಡಿಪಾರ್ಟ್‌ಮೆಂಟಿನಲ್ಲಿ ಇಬ್ಬರು ಸಹೋದ್ಯೋಗಿಗಳು ‘ಯಾವಾಗ ಸಿದ್ಧವಾಗುತ್ತದೆ?’ ಎಂದು ಮೆಲ್ಲಗೆ ವಿಚಾರಿಸಿದರು.

ಆ ರಾತ್ರಿ ಮುದ್ದೆ ತೊಳಸಿದೆ. ಕೋಲಿರಲಿಲ್ಲ, ಲಟ್ಟಣಿಗೆಯಲ್ಲೇ ತಿರುವಿದೆ. ತಟ್ಟೆಗಿಟ್ಟು, ನಡುವೆ ಹೆಬ್ಬೆಟ್ಟಿನಿಂದ ಗುಳಿ ಮಾಡಿ, ಅಲ್ಲಿಯ ಮಸಾಲೆ ತುಪ್ಪ ಹಾಕಿಕೊಂಡು ಇನ್ನೇನು ಮುರಿಯಬೇಕು, ಫಿಸಿಕ್ಸ್ ಮೇಷ್ಟ್ರು ಬಂದರು. ಬಂದವರು ಬಾಗಿಲಲ್ಲೇ ನಿಂತು ತಟ್ಟೆ ನೋಡಿದರು, ಒಳಕೋಣೆಯ ಕಡೆ ಇಣುಕಿದರು, ದನಿ ತಗ್ಗಿಸಿ, ‘ಯಾರಿಗೆ ಹೆರಿಗೆಯಾಯಿತು?’ ಎಂದರು. ಅವರಲ್ಲಿ ಇದೇ ತರಹದ ಗಟ್ಟಿ ಹಿಟ್ಟನ್ನು ಬಾರ್ಲಿಯಲ್ಲಿ ಮಾಡಿ, ನಡುವಿನ ಗುಳಿಗೆ ತುಪ್ಪ, ಖಾರದ ಪುಡಿ ಹಾಕಿ ಬಾಣಂತಿಗೆ ಕೊಡುತ್ತಾರೆ, ನೋಡಲು ಬಂದವರಿಗೂ ಹಂಚುತ್ತಾರೆ. ಹೆಸರು ಗೆನ್ಫೊ. ಹೆಂಡತಿ ಊರಲ್ಲಿರುವ ಗಂಡಸಿನ ಮನೆಯಲ್ಲಿ ಬಾಣಂತಿ ಊಟ ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ. ನಂಬಿಸಲು ಎರಡನೆಯ ಮುದ್ದೆ ಅವರಿಗೇ ಕೊಡಬೇಕಾಯಿತು. ಅಗಿಯಬಾರದು, ನುಂಗಬೇಕು ಎಂದೆ. ‘ಹಾಂ!’ ಎಂದು ಉಸಿರೆಳೆದುಕೊಂಡರು. ಅದು ಹೌದೋ, ಗಂಟಲಿಗೆ ಸಿಕ್ಕಿಕೊಂಡಿತೋ ತಿಳಿಯದೆ ನಾನು ನೀರಿಗೆ ಓಡಿದೆ.

ಋಣ ಇಟ್ಟುಕೊಳ್ಳುವ ಜನ ಅಲ್ಲ ಅವರು. ಮರುವಾರ ಅವರ ತಾಯಿ ಊರಿನಿಂದ ಬಂದಾಗ ನನ್ನನ್ನು ಕರೆದರು. ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತಿದ್ದೆವು. ಆ ಮುದುಕಿ ಇಂಜೆರಾ ಚೂರಿನಲ್ಲಿ ಬೇಳೆ ಸುತ್ತಿ, ನಿಂಬೆಹಣ್ಣಿನ ಗಾತ್ರದ ತುತ್ತು ಮಾಡಿ, ನೇರ ನನ್ನ ಬಾಯಿಗೆ ತಂದರು. ನಲವತ್ತಾರು ವರ್ಷದ, ಮೀಸೆ ಬಿಟ್ಟ ಗಂಡಸು ನಾನು. ಸುತ್ತ ನೋಡಿದೆ, ಯಾರೂ ನಗುತ್ತಿರಲಿಲ್ಲ. ಬಾಯಿ ತೆರೆದೆ. ಅದಕ್ಕೆ ‘ಗುರ್ಷಾ’ ಎನ್ನುತ್ತಾರೆ. ಒಂದಕ್ಕೇ ನಿಲ್ಲಿಸುವಂತಿಲ್ಲ, ಬೇಡ ಎನ್ನುವಂತಿಲ್ಲ, ಮೇಲಾಗಿ ಬಾಯಿ ತುಂಬಿರುವುದರಿಂದ ಏನನ್ನೂ ಎನ್ನುವಂತಿಲ್ಲ. ಆಮೇಲೆ ಹಸಿ ಕಾಫಿಬೀಜ ತೊಳೆದು, ನಮ್ಮೆದುರೇ ಹುರಿದು, ಹೊಗೆಯನ್ನು ಪ್ರತಿಯೊಬ್ಬರ ಮೂಗಿನ ಮುಂದೆ ಆಡಿಸಿ, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಟ್ಟರು. ಒಂದೂವರೆ ಗಂಟೆ ಹಿಡಿಯಿತು. ಮೂರನೆಯ ಸುತ್ತಿಗೆ ಮುಂಚೆ ಏಳುವುದು ಅಪಚಾರ. ನಾನು ಏಳುವ ಸ್ಥಿತಿಯಲ್ಲೂ ಇರಲಿಲ್ಲ.

ಪ್ರವಾಸಕ್ಕೆ ಹೋಗಲಿಲ್ಲವೇ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಹೋದೆ. ಲಾಲಿಬೆಲಾದಲ್ಲಿ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ ಹನ್ನೊಂದು ಚರ್ಚುಗಳನ್ನು ಬರಿಗಾಲಲ್ಲಿ ಸುತ್ತಿದೆ. ತಾನಾ ಸರೋವರದಲ್ಲಿ ಜೊಂಡಿನ ದೋಣಿಗಳನ್ನು ನೋಡಿದೆ. ಆ ಸರೋವರದಿಂದ ಹೊರಡುವ ನೀಲಿ ನೈಲ್ ನದಿಯ ಜಲಪಾತಕ್ಕೆ ಹೋದರೆ, ನೀರನ್ನು ವಿದ್ಯುತ್ತಿಗೆ ತಿರುಗಿಸಿಬಿಟ್ಟಿದ್ದರು, ಬಂಡೆಯ ಒಂದು ಮೂಲೆಯಲ್ಲಿ ಒಂದು ಸೀಳು ಮಾತ್ರ ಇಳಿಯುತ್ತಿತ್ತು. ಬೇಸಿಗೆಯ ಜೋಗ ನೋಡಿದವನಿಗೆ ಅಂಥ ದುಃಖವೇನೂ ಆಗಲಿಲ್ಲ. ದುಃಖವಾಗುತ್ತಿದ್ದದ್ದು ಬಸ್ಸಿನಲ್ಲಿ. ಎಂಥ ಸೆಕೆಯಿದ್ದರೂ ಕಿಟಕಿ ತೆರೆಯುವಂತಿಲ್ಲ, ಗಾಳಿ ಬಡಿದರೆ ಕಾಯಿಲೆ ಬರುತ್ತದೆ ಎಂದು ಹಿಂದಿನ ಸೀಟಿನವರು ಕೈಚಾಚಿ ಮುಚ್ಚುತ್ತಾರೆ. ಬಸ್ಸು ಹನ್ನೊಂದು ಗಂಟೆಗೆ ಎಂದರೆ ಬೆಳಗಿನ ಜಾವ ಐದಕ್ಕೆ. ಅದನ್ನು ತಿಳಿದದ್ದು ಹೇಗೆಂದು ಹೇಳಬೇಕಾಗಿಲ್ಲ.

ಇನ್ನು ಅವರ ಪಂಚಾಂಗ. ಮೂವತ್ತು ದಿನದ ಹನ್ನೆರಡು ತಿಂಗಳು, ಉಳಿದ ಐದೋ ಆರೋ ದಿನಕ್ಕೆ ‘ಪಗುಮೆ’ ಎಂಬ ಹದಿಮೂರನೆಯ ತಿಂಗಳು, ಆ ತಿಂಗಳಿಗೆ ಸಂಬಳವಿಲ್ಲ. ವರ್ಷದ ಎಣಿಕೆ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ. ಜಗತ್ತೆಲ್ಲ 2000ನ್ನು ಮರೆತ ಮೇಲೆ, 2007ರ ಸೆಪ್ಟೆಂಬರ್ 12ಕ್ಕೆ ಅವರಿಗೆ 2000 ಹುಟ್ಟಿತು. ಹಿಂದಿನ ರಾತ್ರಿ ಊರೆಲ್ಲ ಹಾಡು, ಕುಣಿತ. ಎರಡೆರಡು ಸಹಸ್ರಮಾನಗಳನ್ನು ಬರಮಾಡಿಕೊಂಡ ಪುಣ್ಯಾತ್ಮ ನಾನು. ಖುಷಿಯಲ್ಲಿ ಕ್ಲಾಸಿನಲ್ಲಿ, ‘ನಿಮ್ಮ ದೇಶಕ್ಕೆ ಬಂದು ನನಗೆ ಏಳು ವರ್ಷ ಕಡಿಮೆಯಾಯಿತು’ ಎಂದೆ. ಹಿಂದಿನ ಬೆಂಚಿನವನೊಬ್ಬ ಎದ್ದು, ‘ಟೀಚರ್, ಹುಟ್ಟಿದ ವರ್ಷದಲ್ಲೂ ಅಷ್ಟೇ ಕಳೆಯಬೇಕಲ್ಲ’ ಎಂದ. ಲೆಕ್ಕದ ಮೇಷ್ಟ್ರಿಗೆ ಲೆಕ್ಕ ಹೇಳಿಕೊಟ್ಟ ಹುಡುಗನಿಗೆ ಪೂರ್ತಿ ಅಂಕ ಕೊಟ್ಟೆ.

2009ರ ಜುಲೈನಲ್ಲಿ ಹೊರಟೆ. ಮುದುಕಿ ಕಾಫಿಬೀಜದ ಗಂಟು ಕಟ್ಟಿಕೊಟ್ಟರು. ಕಾಗುಣಿತದ ಹುಡುಗ ಅಷ್ಟರಲ್ಲಿ ಮೂರನೆಯ ತರಗತಿಯಲ್ಲಿದ್ದ, ನಾನಿನ್ನೂ ಒಂದನೆಯದರಲ್ಲೇ ಇದ್ದೆ.

ಊರಿಗೆ ಬಂದು ಅನುಭವ ಪತ್ರ ಹಿಡಿದು ಒಂದು ಕಚೇರಿಗೆ ಹೋದೆ, ರಜೆಯ ಲೆಕ್ಕ ಸರಿಮಾಡಿಸಲು. ಗುಮಾಸ್ತರು ಕನ್ನಡಕ ಏರಿಸಿ ಓದಿದರು.

‘ಇದೇನ್ ಸಾರ್, ಊರಿಗೆ ಸರ್ಟಿಫಿಕೇಟ್ ಕೊಟ್ಟಿದಾರೆ? ನಿಮ್ ಹೆಸರೆಲ್ಲಿ?’

‘ತಾತನ ಜಾಗದಲ್ಲಿದೆ ನೋಡಿ.’

‘ಆಯ್ತು. 1999ರಿಂದ 2001ರವರೆಗೆ ಕೆಲಸ ಮಾಡಿದಾರೆ ಅಂತ ಬರ್ದಿದಾರೆ. ಆಗ ನೀವು ಇಲ್ಲೇ ಸಂಬಳ ತಗೊಂಡಿದೀರಿ. ಎರಡು ಕಡೆ ಸಂಬಳಾನ?’

ಅವರ ಕ್ಯಾಲೆಂಡರಿನ ಕತೆ ಹೇಳಿದೆ. ಅದು ಏಳೆಂಟು ವರ್ಷ ಹಿಂದೆ ಎಂದೆ, ಹದಿಮೂರು ತಿಂಗಳು ಎಂದೆ. ಅಷ್ಟು ಹೇಳಬಾರದಿತ್ತು.

‘ಹಂಗಾದ್ರೆ ಹದಿಮೂರನೇ ತಿಂಗಳ ಸಂಬಳ ಎಲ್ಲಿ ತೋರ್ಸಿದೀರಿ?’

ನಾನು ಸುಮ್ಮನಾದೆ. ಅವರು ಕಾಗದವನ್ನು ಮಡಿಸಿ, ಫೈಲಿನೊಳಗಿಟ್ಟು, ದಾರ ಸುತ್ತುತ್ತ, ‘ಸಾಹೇಬ್ರನ್ನ ಕೇಳ್ಬೇಕು. ನಾಳೆ ಬನ್ನಿ’ ಎಂದರು.

ಎರಡು ವರ್ಷ ಒಂಬತ್ತು ತಿಂಗಳಿನ ಅಭ್ಯಾಸ. ತಲೆಯಾಡಿಸಿ, ಆದಷ್ಟೂ ವಿನಯದಿಂದ, ‘ಇಶ್ಶಿ, ನೆಗೆ’ ಎಂದೆ.

ಗುಮಾಸ್ತರು ಫೈಲು ಕೆಳಗಿಟ್ಟು, ಕುರ್ಚಿ ಹಿಂದಕ್ಕೆ ಸರಿಸಿ, ಎದ್ದು ನಿಂತರು.