ರೇಸ್ ಎತ್ತದ ಮಿಷನ್ನು

ಮೂಡಿಗೆರೆ ಸೀಮೆಯ ತೋಟಗಳಲ್ಲಿ ಕಾರ್ಬುರೇಟರಿಗೆ ಇರುವಷ್ಟು ಕೆಟ್ಟ ಹೆಸರು ಮಂಗಗಳಿಗೂ ಇಲ್ಲ. ಕಳೆ ಹೊಡೆಯುವ ಮಿಷನ್ ರೇಸ್ ಎತ್ತಲಿಲ್ಲ ಎಂದು ಬಾಯಿಬಿಟ್ಟರೆ ಸಾಕು, ಪಕ್ಕದ ತೋಟದವರು, ಹಾಲು ಹಾಕಿ ಹೋಗುವವರು, ಮದುವೆ ಕರೆಯಲು ಬಂದವರು ಎಲ್ಲರದೂ ಒಂದೇ ತೀರ್ಪು: "ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡ್ಸಿ." ಬಿಚ್ಚಿದರೆ ಪುಟ್ಟ ಸ್ಕ್ರೂಗಳು, ಕಾಗದದಷ್ಟು ತೆಳುವಾದ ಡಯಾಫ್ರಂ, ಕೂದಲೆಳೆಯಂಥ ತೂತುಗಳು. ನೋಡಲಿಕ್ಕೆ ಮಜವಾಗಿರುವುದನ್ನೇ ಮೊದಲು ಬಿಚ್ಚುವುದು ಮನುಷ್ಯ ಸ್ವಭಾವ.

ದೇವರಮನೆ ಗುಡ್ಡದ ಸೆರಗಿನಲ್ಲಿ ಮಳೆ ಹಿಡಿಯಿತೆಂದರೆ ಕಾಫಿ ಗಿಡಕ್ಕಿಂತ ಅದರ ಬುಡದ ಕಳೆಗೇ ಹೆಚ್ಚು ಉತ್ಸಾಹ. ನಮ್ಮ ಹಳೇ ಟೂ ಸ್ಟ್ರೋಕ್ ಮಿಷನ್ ಹಗ್ಗ ಎಳೆದೊಡನೆ ಸ್ಟಾರ್ಟ್ ಆಗುತ್ತಿತ್ತು. ರೇಸ್ ಒತ್ತಿದರೆ ಒಂದು ಸಾಲು ಚೆನ್ನಾಗಿ ಹೊಡೆಯುತ್ತಿತ್ತು. ಆಮೇಲೆ ದನಿ ಕುಗ್ಗಿ, ಎರಡು ಸಲ ಕೆಮ್ಮಿ ಆಫ್. ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಮತ್ತೆ ಸ್ಟಾರ್ಟ್! ರಿಪೇರಿ ಅಂಗಡಿಯಲ್ಲಿ ಕಾರ್ಬುರೇಟರ್ ತೊಳೆದು, ಬಾಗಿಲಲ್ಲೇ ಎರಡು ನಿಮಿಷ ಗುರ್ರೆನಿಸಿ ತೋರಿಸಿದರು. ಎರಡು ನಿಮಿಷಕ್ಕಾದರೆ ಯಾವ ಮಿಷನ್ನೂ ಮರ್ಯಾದೆ ಉಳಿಸಿಕೊಳ್ಳುತ್ತದೆ.

ಹೀಗಿರುವಾಗ ಗಂಗೊಳ್ಳಿಯಿಂದ ಅಕ್ಕ, ಭಾವ ಬಂದರು. ದೇವರಮನೆಯಲ್ಲಿ ಕಾಲಭೈರವನ ದರ್ಶನವಾಯಿತು. ಗುಡ್ಡದ ದರ್ಶನ ಮಾತ್ರ ಮಂಜಿನ ದೆಸೆಯಿಂದ ಆಗಲಿಲ್ಲ. ಭಾವ ಬೇಜಾರಾಗಿದ್ದವರು ಅಂಗಳದಲ್ಲಿ ಬಿದ್ದಿದ್ದ ಮಿಷನ್ ಕಂಡು ಚಿಗುರಿದರು. ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ಜೊತೆ ಕೂದಲು ನರೆಸಿಕೊಂಡವರು ಅವರು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ದಾಟಿಸುವ ಆ ಎಂಜಿನ್ನಿಗೂ ಇದಕ್ಕೂ ದಾಯಾದಿ ಸಂಬಂಧ: ಅದರ ತುದಿಯಲ್ಲಿ ಫ್ಯಾನು, ಇದರ ತುದಿಯಲ್ಲಿ ಬ್ಲೇಡು.

"ರೇಸ್ ಕೊಟ್ಟ ಕೂಡ್ಲೆ ಆಫ್ ಆತ್ತಾ, ಸ್ವಲ್ಪ ಓಡಿ ಆತ್ತಾ?" ಎಂದರು.

ಇದನ್ನು ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ಒತ್ತಿದ ಕ್ಷಣವೇ ನಿಂತರೆ ಎಲ್ಲೋ ಗಾಳಿ ಜಾಸ್ತಿ ಹೋಗುತ್ತಿದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ನಿಲ್ಲದೆ ಓಡಿದರೂ ಸ್ಪೀಡ್ ಏರದಿದ್ದರೆ ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟಿರಬಹುದು, ಕೇಬಲ್ ಸಡಿಲವಾಗಿ ರೇಸ್ ಪೂರ್ತಿ ತೆರೆಯದೇ ಇರಬಹುದು. ಹಳೇ ದೋಣಿ ಎಂಜಿನ್ನುಗಳಲ್ಲಂತೂ ರೇಸ್ ತಿರುಗಿಸಿದರೆ ಕಾರ್ಬುರೇಟರಿನ ಜೊತೆಗೆ ಕಿಡಿ ಹಾರುವ ಹೊತ್ತೂ ಮುಂದೆ ಸರಿಯಬೇಕಂತೆ. ಆ ಕೊಂಡಿ ಸವೆದಿದ್ದರೆ ಕಾರ್ಬುರೇಟರನ್ನು ಹಾಲಿನಲ್ಲಿ ತೊಳೆದರೂ ದೋಣಿ ಓಡದು.

ನಮ್ಮದು ಸ್ವಲ್ಪ ಓಡಿ ನಿಲ್ಲುವ ಜಾತಿ ಎಂದೆ. ಹಾಗಾದರೆ ಮೊದಲು ಎಣ್ಣೆ ನೋಡಬೇಕೆಂದು ಭಾವ ಪೆಟ್ರೋಲ್ ಕ್ಯಾನ್ ಮೂಸಿ ಮುಖ ಕಿವುಚಿದರು. ಹೋದ ವರ್ಷ ಟೂಟಿ ಆಯಿಲ್ ಬೆರೆಸಿಟ್ಟದ್ದು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥೆನಾಲ್. ಅದಕ್ಕೆ ನೀರೆಂದರೆ ಪ್ರಾಣ. ನಮ್ಮ ಹವೆಯಲ್ಲಿ ನೀರಿಗೆ ಬರವೇ? ಕುಡಿದದ್ದು ಹೆಚ್ಚಾದರೆ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಮಿಷನ್ ಎಣ್ಣೆ ಎಳೆಯುವುದೂ ಟ್ಯಾಂಕಿನ ತಳದಿಂದಲೇ. ಅದನ್ನು ಚೆಲ್ಲಿ ಹೊಸದು ಹಾಕಿದರು. ಆದರೂ ಒಂದು ಸಾಲು ಮುಗಿಯುವಾಗ ಮತ್ತದೇ ಕೆಮ್ಮು.

ಭಾವ ಆಫ್ ಆಗಲು ಬಿಡದೆ ಟ್ಯಾಂಕಿನ ಮುಚ್ಚಳ ಅರ್ಧ ಸುತ್ತು ಸಡಿಲಿಸಿದರು. 'ಪುಸ್' ಎಂದಿತು. ಮಿಷನ್ ಸಟ್ಟನೆ ದನಿ ಎತ್ತಿ ಕಿರುಚತೊಡಗಿತು.

"ಉಸ್ರ್ ಕಟ್ಟಿತ್ತ್ ಮರಾಯಾ ಇದ್ಕೆ."

ಎಣ್ಣೆ ಖಾಲಿಯಾದ ಜಾಗಕ್ಕೆ ಗಾಳಿ ಬರಲು ಮುಚ್ಚಳದಲ್ಲೊಂದು ಸೂಜಿ ತೂತು. ಅದರ ತುಂಬ ಹುಲ್ಲಿನ ರಸ, ಆಯಿಲ್, ಕೆಮ್ಮಣ್ಣು ಕಲೆತು ಕಪ್ಪಗೆ ಲೇಹ್ಯ ಕಟ್ಟಿತ್ತು. ಗಾಳಿ ಬಾರದೆ ಎಣ್ಣೆ ಇಳಿಯುತ್ತಿರಲಿಲ್ಲ. ನಿಲ್ಲಿಸಿಟ್ಟಾಗ ಹೇಗೋ ನುಸುಳುವಷ್ಟು ಗಾಳಿ ಇನ್ನೊಂದು ಸಾಲಿಗೆ ಸಾಕಾಗುತ್ತಿತ್ತು. ಭಾವ ಮುಚ್ಚಳವನ್ನು ಪೆಟ್ರೋಲಿನಲ್ಲಿ ಅದ್ದಿ, ಉಜ್ಜಿ, ಊದಿದರು. ಖರ್ಚು ಸೊನ್ನೆ.

ಸುದ್ದಿ ಗುತ್ತಿಯವರೆಗೂ ಹೋಯಿತು. ಬೆಳಿಗ್ಗೆ ಒಬ್ಬರು ಮರ ಕುಯ್ಯುವ ಮಿಷನ್ ತಂದರು, ಇನ್ನೊಬ್ಬರು ಸ್ಪ್ರೇಯರ್ ಬೆನ್ನಿಗೆ ಹೊತ್ತುಕೊಂಡೇ ಬಂದರು. ಅಕ್ಕ ಕುಂದಾಪುರದ ಬಸ್ಸಿನ ಹೊತ್ತು ವಿಚಾರಿಸತೊಡಗಿದಳು. ಅಷ್ಟರಲ್ಲಿ ಆಚೆಮನೆಯವರು ಸೆರಗಿನಲ್ಲಿ ಮುಚ್ಚಿಕೊಂಡು ಮಿಕ್ಸಿ ತಂದಿಟ್ಟರು. ಭಾವ ಅದನ್ನು ಬೋರಲು ಹಾಕಿ, ಕನ್ನಡಕ ಏರಿಸಿಕೊಂಡು ಸುತ್ತಲೂ ನೋಡಿ ಕೇಳಿದರು:

"ಇದ್ರ ಎಣ್ಣೆ ಮುಚ್ಚಳ ಎಲ್ಲಿತ್ತ್?"