ಗುಂಡಪ್ಪನ ಗೃಹಪ್ರವೇಶ

ಜಯನಗರ ನಾಲ್ಕನೇ ಟಿ ಬ್ಲಾಕಿನ ನಮ್ಮ ಮನೆಯನ್ನು ಕೊನೆಗೂ ಬಿಲ್ಡರ್ ಕೈಗೆ ಒಪ್ಪಿಸಿದೆವು. ಅಲ್ಲಿ ನಾಲ್ಕು ಮಹಡಿ ಏಳುವ ತನಕ ಜೆ.ಪಿ. ನಗರ ಏಳನೇ ಹಂತದಲ್ಲಿ ಎರಡು ಕೋಣೆಯ ಬಾಡಿಗೆ ಫ್ಲ್ಯಾಟು. ಆಷಾಢ ಹುಟ್ಟುವುದರೊಳಗೆ ಹಾಲು ಉಕ್ಕಿಸಲೇಬೇಕೆಂದು ಅಮ್ಮನ ಆಜ್ಞೆ. ಆಷಾಢದಲ್ಲಾದರೆ ಲಾರಿಯವರು ರೇಟು ಇಳಿಸುತ್ತಾರೆ ಎಂದು ನಾನು ಮೆಲ್ಲಗೆ ಹೇಳಿದ್ದಕ್ಕೆ, "ಪಿತೃಪಕ್ಷದಲ್ಲಿ ಇನ್ನೂ ಇಳಿಸ್ತಾರೆ, ಕಾಯ್ತೀಯಾ?" ಎಂದಳು. ಉಳಿದದ್ದು ಹದಿನೇಳು ದಿನ. ಖಾಲಿ ಮಾಡಬೇಕಾದದ್ದು ಐವತ್ತು ವರ್ಷದ ಅಟ್ಟ.

ಡಲ್ಲಾಸಿನಲ್ಲಿರುವ ಮಗ ಫೋನಿನಲ್ಲೇ ಉಪದೇಶಕ್ಕೆ ಕೂತ. ಜಪಾನಿನ ಮರಿ ಕೊಂಡೊ ಎಂಬಾಕೆಯ ಪುಸ್ತಕ ಓದಿದ್ದಾನೆ. "ಒಂದೊಂದೇ ಸಾಮಾನು ಕೈಗೆತ್ಕೊಳ್ಳಪ್ಪ. ಖುಷಿ ಆಗತ್ತಾ ಅಂತ ಕೇಳ್ಕೋ. ಆಗ್ದಿದ್ರೆ ಥ್ಯಾಂಕ್ಸ್ ಹೇಳಿ ಕಳಿಸ್ಬಿಡು." ನಾನು ಮೊದಲು ಎತ್ತಿದ್ದು ಅವನದೇ ಇಂಜಿನಿಯರಿಂಗ್ ಪುಸ್ತಕಗಳ ಡಬ್ಬ. ಖುಷಿ ಆಗಲಿಲ್ಲ, ಸೊಂಟ ಹಿಡಿಯಿತು ಎಂದೆ. "ಅದೊಂದು ಇರ್ಲಿ" ಎಂದ.

ಹಳೇ ಪೇಪರಿನವನನ್ನು ಕರೆದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದಾಗಿನಿಂದ ಅಪ್ಪ ಒಂದೊಂದಾಗಿ ಕೊಂಡು ಬ್ರೌನ್ ಪೇಪರು ಹಾಕಿಟ್ಟಿದ್ದರು. ಒಟ್ಟು ಹದಿನಾಲ್ಕು ಸಂಪುಟಗಳ ಆ ಸಾಲಿನಲ್ಲಿ ಅಪ್ಪನ ಕೈಗೆ ಸಿಕ್ಕಿದ್ದು ಒಂಬತ್ತು. ಗುಜರಿಯವನು ಒಂದನ್ನು ಅಂಗೈಯಲ್ಲಿ ತೂಗಿ ನೋಡಿದ. "ರಟ್ಟು ಇದ್ರೆ ರೇಟು ಕಮ್ಮಿ ಸಾರ್. ಕಿತ್ತು ಕೊಡಿ, ಎರಡು ರೂಪಾಯಿ ಜಾಸ್ತಿ ಹಾಕ್ತೀನಿ." ಅಪ್ಪನ ಫೋಟೋ ಎದುರಿಗೇ ಇತ್ತು. ಒಂಬತ್ತೂ ವಾಪಸ್ ಅಟ್ಟ ಹತ್ತಿದವು. ಅವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ನನ್ನವೇ ಮೂರು ಡೈರಿ ಕೊಟ್ಟೆ. ಅವುಗಳ ರಟ್ಟನ್ನು ಅವನೇ ಕಿತ್ತುಕೊಂಡ.

ಹೆಂಡತಿಯ ಕಥೆ ಬೇರೆ. ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬಂದಳು. ಒಂಬತ್ತು ಸೀರೆ, ನನ್ನ ಎರಡು ಪ್ಯಾಂಟು, ಅರ್ಧ ಗಂಟೆ ಚೌಕಾಸಿ. ಕೊನೆಗೆ ಬಂದದ್ದು ಒಂದು ಸ್ಟೀಲ್ ಡಬರಿ, ಒಂದು ಪ್ಲಾಸ್ಟಿಕ್ ಬಕೆಟ್ಟು. ಖಾಲಿಯಾಗುವ ಮನೆಗೆ ಹೀಗೆ ಎರಡು ಸಾಮಾನು ಸೇರಿದವು.

ಗಾಜು ಒಡೆದ ದೇವರ ಫೋಟೋಗಳದ್ದು ಇನ್ನೊಂದು ಸಂಕಟ. ಕಸಕ್ಕೆ ಹಾಕುವ ಹಾಗಿಲ್ಲ, ಗುಜರಿಗೆ ಕೊಡುವ ಹಾಗಿಲ್ಲ. ಕತ್ತಲಾದ ಮೇಲೆ ಚೀಲದಲ್ಲಿ ಸುತ್ತಿಕೊಂಡು ಕಳ್ಳನ ಹಾಗೆ ಅಶ್ವತ್ಥಕಟ್ಟೆಗೆ ಹೋದರೆ ಅಲ್ಲಾಗಲೇ ನಾಲ್ಕು ವೆಂಕಟರಮಣ, ಎರಡು ಶಾರದೆ, ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿನ ಲಕ್ಷ್ಮಿ. ಬಡಾವಣೆಯಲ್ಲಿ ಇನ್ನೂ ಎಷ್ಟು ಮನೆ ಬಿಲ್ಡರ್ ಪಾಲಾಗುತ್ತಿವೆ ಎಂಬುದು ಅಲ್ಲೇ ಗೊತ್ತಾಯಿತು.

ಕಡೆಗೆ ಉಳಿದದ್ದು ಹಿತ್ತಲಿನ ಒರಳುಕಲ್ಲು ಮತ್ತು ಅದರ ಗುಂಡು. ಮಿಕ್ಸಿ ಬಂದ ಮೇಲೆ ಒರಳು ಕಾಗೆಗಳ ನೀರಿನ ತೊಟ್ಟಿಯಾಗಿತ್ತು. ಕಸದ ಆಟೋದವನು ಬಗ್ಗಿ ನೋಡಿದ. "ಇದು ಹಸಿ ಕಸಾನೂ ಅಲ್ಲ, ಒಣ ಕಸಾನೂ ಅಲ್ಲ ಸಾರ್" ಎಂದು ಹಾಡು ಹಾಕಿಕೊಂಡು ಹೊರಟ. ಗುಜರಿಯವನು ಕಲ್ಲು ಕೊಳ್ಳುವುದಿಲ್ಲ. ಲಾರಿಯವನು ಎರಡಾಳಿನ ಕೂಲಿ ಬೇರೆ ಕೇಳಿದ. ಬಿಲ್ಡರ್ ಕಡೆಯ ಇಂಜಿನಿಯರು ಮಾತ್ರ ಉದಾರಿ: "ಇಲ್ಲೇ ಬಿಡಿ ಅಂಕಲ್, ಪಾಯಕ್ಕೆ ಹಾಕ್ಬಿಡ್ತೀವಿ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಒರಳು ಏನಾದ್ರೂ ಮಾಡ್ಕೊಳ್ಳಿ. ಗುಂಡಪ್ಪನ್ನ ಮುಟ್ಟಿದ್ರೆ ನೋಡಿ."

ನಮ್ಮ ಕಡೆ ನಾಮಕರಣದ ದಿನ ತೊಟ್ಟಿಲಿಗೆ ಮೊದಲು ಮಲಗುವುದು ಮಗುವಲ್ಲ, ಗುಂಡುಕಲ್ಲು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುಲಾವಿ ಹಾಕಿ, ಗುಂಡಪ್ಪ ಎಂದು ಕರೆದು ತೂಗಿ, ಆಮೇಲೆ ಮಗುವಿನ ಸರದಿ. ಮಾಗಡಿಯಿಂದ ಬಂದ ಈ ಗುಂಡು ನನಗಿಂತ ಮುಂಚೆ, ನನ್ನ ತಂಗಿಯರಿಗಿಂತ ಮುಂಚೆ, ಡಲ್ಲಾಸಿನ ಉಪದೇಶಕನಿಗಿಂತಲೂ ಮುಂಚೆ ಅದೇ ತೊಟ್ಟಿಲಲ್ಲಿ ಮಲಗಿ ಎದ್ದಿದೆ. ಮಗನಿಗೆ ವಿಡಿಯೋದಲ್ಲಿ ತೋರಿಸಿ, ಇದಕ್ಕೂ ಥ್ಯಾಂಕ್ಸ್ ಹೇಳಿ ಕಳಿಸಲೇ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಯಾಬಿನ್ ಬ್ಯಾಗೇಜಲ್ಲಿ ಬಿಡ್ತಾರಾ ನೋಡ್ತೀನಿ" ಎಂದ.

ಲಾರಿ ಮುಂದೆ ಹೋಯಿತು. ಹಿಂದೆ ನಮ್ಮ ಕಾರು. ಹಿಂದಿನ ಸೀಟಿನಲ್ಲಿ ಅಮ್ಮ, ಹೆಂಡತಿ, ಡಬರಿ. ಮುಂದೆ ನನ್ನ ಪಕ್ಕದಲ್ಲಿ ಟವಲು ಹೊದ್ದ ಗುಂಡು. ಹೊರಟಿದ್ದೇ ತಡ ಕಾರು ಕೀ ಕೀ ಎಂದು ಬಡಿದುಕೊಳ್ಳತೊಡಗಿತು. ಪಕ್ಕದಲ್ಲಿ ಯಾರೋ ಬೆಲ್ಟು ಹಾಕಿಲ್ಲವೆಂದು ಅದರ ದೂರು. ಹಾಕಿದೆ. ರಾಗಿಗುಡ್ಡದ ಸಿಗ್ನಲ್ಲಿನಲ್ಲಿ ನಿಂತಾಗ ಪೊಲೀಸಪ್ಪ ಕಿಟಕಿಯೊಳಗೆ ನೋಡಿದ, ನನ್ನನ್ನು ನೋಡಿದ, ಮತ್ತೆ ಕಿಟಕಿಯೊಳಗೆ ನೋಡಿದ. ರಾಗಿಯ ರಾಶಿಯೇ ಕಲ್ಲುಗುಡ್ಡವಾಯಿತೆಂದು ಆ ಜಾಗದ ಐತಿಹ್ಯ. ಅಮ್ಮ ಮೇಲಿನ ಆಂಜನೇಯನಿಗೆ ಇಲ್ಲಿಂದಲೇ ಕೈಮುಗಿದು, ಮುಂದಕ್ಕೆ ಬಾಗಿ ಗುಂಡಪ್ಪನ ಪರವಾಗಿಯೂ ಒಮ್ಮೆ ಮುಗಿದಳು.

ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿಯವನು ರಿಜಿಸ್ಟರು ತೆರೆದ. "ಫ್ಲ್ಯಾಟಲ್ಲಿ ಎಷ್ಟು ಜನ ಇರ್ತೀರ ಸಾರ್?"

ಮೂರು ಎಂದೆ.

"ನಾಲ್ಕು ಬರ್ಕೋಪ್ಪ" ಎಂದಳು ಅಮ್ಮ ಹಿಂದಿನಿಂದ.

ಅವನು ಬಗ್ಗಿ ಮುಂದಿನ ಸೀಟು ನೋಡಿದ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಗೇಟು ತೆಗೆದ.